ಮೂವತ್ತೊಂದನೆಯ ಮೀನು

ದ್ವೀಪ
ಜನವರಿ 4

ಕಡ್ಡಿಗೆ ಪಾತಾಳ ಮಾವನ ಆಶೀರ್ವಾದಗಳು.

ಸಮುದ್ರ ನಾನು ಅಂದುಕೊಂಡಷ್ಟು ದೊಡ್ಡದಲ್ಲ. ದೋಣಿಯಲ್ಲಿ ನಾಲ್ಕು ಗಂಟೆ ಕೂತೆ, ಮುಗಿದುಹೋಯಿತು, ದ್ವೀಪ ಬಂತು. ದಾರಿಯಲ್ಲಿ ಒಂಬತ್ತು ಜನ ವಾಂತಿ ಮಾಡಿಕೊಂಡರು, ನಾನೊಬ್ಬ ಮಾಡಲಿಲ್ಲ. ದಡಕ್ಕೆ ಬಂದಮೇಲೆ ಒಂದು ಮರದ ಹಿಂದೆ ಮಾಡಿಕೊಂಡೆ. ಯಾರೂ ನೋಡಲಿಲ್ಲವಾದ್ದರಿಂದ ಅದು ಸೇರುವುದಿಲ್ಲ.

ಇಲ್ಲಿ ಫೋನು ಕೆಲಸ ಮಾಡುವುದಿಲ್ಲ. ವಾರಕ್ಕೆರಡು ಸಲ ಸಾಮಾನಿನ ದೋಣಿ ಬರುತ್ತದೆ, ಅದರಲ್ಲೇ ಟಪಾಲಿನ ಚೀಲ. ಹಾಗಾಗಿ ನಿನ್ನ ಮಾವ ಮೂವತ್ತು ವರ್ಷದ ಮೇಲೆ ಪೆನ್ನು ಹಿಡಿದಿದ್ದಾನೆ. ಅಕ್ಷರ ನೋಡಿ ನಗಬೇಡ. ಊರಿನ ಶಾಲೆಯಲ್ಲಿ ಉಳಿದವರೆಲ್ಲ ನಾಲ್ಕನೇ ಕ್ಲಾಸು ಒಂದೇ ಸಲ ಓದಿದರು, ನಾನು ಮೂರು ಸಲ ಓದಿದ್ದೇನೆ.

ನಮ್ಮ ತಂಡದಲ್ಲಿ ಹತ್ತು ಜನ. ಎಲ್ಲರಿಗೂ ಸಮುದ್ರದ ಜೀವಿಗಳ ಹುಚ್ಚು. ರಜೆ ಹಾಕಿ, ಮನೆ ಮಠ ಬಿಟ್ಟು, ಕಿರುಬೆರಳುದ್ದದ ಹುಳ ನೋಡುವುದಕ್ಕೆ ಬಂದಿದ್ದಾರೆ. ನಾಷ್ಟಾ ಮಾಡುವಾಗಲೂ ಅದೇ ಮಾತು, ಹಲ್ಲುಜ್ಜುವಾಗಲೂ ಅದೇ. ಊಟದ ಕೋಣೆಯ ಗೋಡೆಗೆ ನಿನ್ನ ಪಟ ನೇತುಹಾಕಿದ್ದಾರೆ, ನಲವತ್ತೆಂಟು ಮೀನೂ ಒಣಹಾಕಿದ ಬಟ್ಟೆಯ ಹಾಗೆ ಸಾಲಾಗಿ. ಅದರದೇ ಸಣ್ಣ ನಕಲನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಪ್ರತಿಯೊಬ್ಬರ ಮಣಿಕಟ್ಟಿಗೂ ಕಟ್ಟುತ್ತಾರೆ. ನೀರಿನ ಕೆಳಗೆ ಮೀನು ನೋಡುವುದು, ಪಟ ನೋಡುವುದು, ತಲೆಯಾಡಿಸುವುದು. ಬರೆದವಳು ನನ್ನ ಅಕ್ಕನ ಮಗಳು ಎಂದು ಬಂದ ದಿನವೇ ಮೂರು ಸಲ ಹೇಳಿದ್ದೇನೆ.

ನಾನು ಬಂದ ಕೆಲಸ ಮರೆತಿಲ್ಲ. ಎರಡನೇ ಸಲ ಅಚ್ಚು ಹಾಕಿಸುವ ಮೊದಲು ಚಿತ್ರಗಾರ್ತಿಯೇ ಬಂದು ಜೀವಂತ ಮೀನು ನೋಡಿ ತಿದ್ದಲಿ ಎಂದು ಕಂಪನಿಯವರು ನಿನಗೆ ಕೊಟ್ಟ ಸೀಟು ಇದು. ಬೆನ್ನುನೋವು, ನೀನೇ ನೋಡಿ ಬರೆದು ಕಳಿಸು ಎಂದೆ ನೀನು. ಫೆಬ್ರವರಿ ಹದಿನೈದರೊಳಗೆ ತಿದ್ದುಪಡಿ ಹೋಗದಿದ್ದರೆ ಪಟ ಬೇರೆಯವರ ಕೈಗೆ ಹೋಗುತ್ತದೆ ಎಂದೂ ಹೇಳಿದ್ದೆ. ಹೋಗುವುದಿಲ್ಲ. ನಿನ್ನ ಮಾವ ಬದುಕಿರುವ ತನಕ ಹೋಗುವುದಿಲ್ಲ.

ಒಂದೇ ತೊಂದರೆ ಶಿಳ್ಳೆ ಮೇಡಮ್ಮಿನದು. ನಮಗೆಲ್ಲ ಕಲಿಸುವ ಯಜಮಾನಿ. ಕುತ್ತಿಗೆಯಲ್ಲಿ ಸದಾ ಒಂದು ಶಿಳ್ಳೆ. ಮೊದಲ ಪಾಠವೇ ಇದು: ಸಿಲಿಂಡರಿನ ಗಾಳಿ ಉಸಿರಾಡುವಾಗ ಎಂದಿಗೂ ಉಸಿರು ಹಿಡಿಯಬಾರದು, ಹಿಡಿದು ಮೇಲೆ ಬಂದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಒಡೆಯುತ್ತದೆ.

ನಾನು ಎದ್ದು ನಿಂತೆ. "ಮೇಡಂ, ನಾನು ಮೂವತ್ತೆಂಟು ವರ್ಷ ಬಾವಿಗಿಳಿದವನು. ಬಿದ್ದ ಕೊಡ, ಬಿದ್ದ ಪಂಪು, ಒಂದ್ಸಲ ಬಿದ್ದ ಕರು, ಎಲ್ಲಾನೂ ಉಸಿರು ಹಿಡಿದೇ ಎತ್ತಿದ್ದು. ಕೊಕ್ಕೆಗಳ ಪಾತಾಳಗರಡಿಗೂ ಸಿಗದ್ದು ನನ್ನ ಕೈಗೆ ಸಿಗ್ತಿತ್ತು. ಅದಕ್ಕೇ ಪಾತಾಳ ಅಂತ ಹೆಸರು."

"ಬಹಳ ಸಂತೋಷ," ಅಂದರು. "ಅದನ್ನೆಲ್ಲ ಮರೀರಿ."

ಮರೆಯಬೇಕಂತೆ. ಉಸಿರು ಹಿಡಿದು ಅನ್ನ ತಿಂದವನಿಗೆ ಉಸಿರು ಬಿಡುವುದನ್ನು ಕಲಿಸುತ್ತಿದ್ದಾರೆ.

ರಾತ್ರಿ ಊಟಕ್ಕೆ ನಿನ್ನ ಬಾವಿಯ ಕಥೆ ಹೇಳಿದೆ. ಏಳು ವರ್ಷದ ನಿನ್ನನ್ನು ನಾನು ಹಿಂದಿನಿಂದ ಬಂದು ಬಾವಿಗೆ ತಳ್ಳಿದ್ದು, ಎರಡೇ ನಿಮಿಷದಲ್ಲಿ ನೀನು ಕಪ್ಪೆಮರಿಯ ಹಾಗೆ ಈಜಿ ಮೆಟ್ಟಿಲು ಹಿಡಿದದ್ದು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಶಿಳ್ಳೆ ಮೇಡಂ ನಗಲಿಲ್ಲ. ಪಾಪ, ಅವರಿಗೆ ಹಾಸ್ಯ ಹತ್ತುವುದಿಲ್ಲ.

ನಿನ್ನ
ಪಾತಾಳ ಮಾವ


ಜನವರಿ 9

ಮಾವನಿಗೆ ನಮಸ್ಕಾರ.

ಕಾಗದ ತಲುಪಿತು. ನನ್ನ ಕೋಣೆ ನಿನಗೆ ಗೊತ್ತಲ್ಲ, ಕೆಳಗೆ ಹೊಲಿಗೆ ಅಂಗಡಿ, ಮೇಲೆ ನಾನು. ಬೆಳಗಿನಿಂದ ಮಿಷನ್ನುಗಳ ಸದ್ದು. ಮೇಜಿನ ಮೇಲೆ ಹಳೆಯ ಪಟ ಹರಡಿಕೊಂಡು ಕೂತಿದ್ದೇನೆ.

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ನಲವತ್ತೆಂಟು ಚೌಕ, ಪ್ರತಿಯೊಂದಕ್ಕೂ ನಂಬರು. ಪಟದಲ್ಲಿ ಇದ್ದ ಹಾಗೇ ಕಂಡರೆ ಸರಿ ಗುರುತು ಹಾಕು. ಬಣ್ಣವೋ ಆಕಾರವೋ ಬೇರೆ ಇದ್ದರೆ ಏನು ಬೇರೆ ಎಂದು ಬರೆ. ನಿನ್ನ ಅಭಿಪ್ರಾಯ ಬೇಡ, ಕಂಡದ್ದು ಮಾತ್ರ. ನಾನು ಇವನ್ನೆಲ್ಲ ಬರೆದದ್ದು ಕಾಲೇಜಿನ ಪ್ರಯೋಗಶಾಲೆಯ ಗಾಜಿನ ಸೀಸೆಗಳನ್ನು ನೋಡಿ. ಸ್ಪಿರಿಟಿನಲ್ಲಿ ವರ್ಷಗಟ್ಟಲೆ ನೆನೆದ ಮೀನಿಗೆ ಬಣ್ಣ ಇರುವುದಿಲ್ಲ. ಅದನ್ನು ಪುಸ್ತಕ ನೋಡಿ ತುಂಬಿದೆ. ಕಂಪನಿಗೆ ಇದು ಗೊತ್ತಿಲ್ಲ. ನೀನೂ ಊಟದ ಮೇಜಿನಲ್ಲಿ ಹೇಳಬೇಡ.

ಆ ಮೇಡಂ ಹೇಳಿದ ಹಾಗೆ ಕೇಳು. ಉಸಿರು ಹಿಡಿಯಬೇಡ.

ಬಾವಿಯ ಕಥೆಯನ್ನು ಮತ್ತೆ ಹೇಳಬೇಡ. ಹಳೆಯದಾಯಿತು.

ನನ್ನ ಜ್ವರ ಇಳಿದಿದೆ. ಚಿಂತೆ ಮಾಡಬೇಡ.

ಕಡ್ಡಿ


ದ್ವೀಪ
ಜನವರಿ 13

ಕಡ್ಡಿಗೆ ಆಶೀರ್ವಾದಗಳು.

ಬೆನ್ನುನೋವು ಯಾವಾಗ ಜ್ವರವಾಯಿತು? ಇರಲಿ. ಶಾಲೆಗೆ ಚಕ್ಕರ್ ಹೊಡೆಯುವಾಗ ನಾನೂ ಕಾಯಿಲೆ ಬದಲಾಯಿಸುತ್ತಿದ್ದೆ, ಆದರೆ ಬರೆದಿಟ್ಟುಕೊಳ್ಳುತ್ತಿದ್ದೆ.

ಇಲ್ಲಿ ಯುದ್ಧ ನಡೆದು ನಾವು ಗೆದ್ದಿದ್ದೇವೆ. ಕೇಳು.

ತಂಡದಲ್ಲಿ ಒಬ್ಬ ಹಲ್ಲಿನ ಡಾಕ್ಟರಿದ್ದಾನೆ. ಜೀವನವೆಲ್ಲ ಬೇರೆಯವರ ಬಾಯಿಯಲ್ಲಿ ಕೈಯಿಟ್ಟವನು, ಈಗ ಸಮುದ್ರದ ಬಾಯಿಗೆ ಇಟ್ಟಿದ್ದಾನೆ. ಇದು ಅವನಿಗೆ ಹನ್ನೊಂದನೇ ದ್ವೀಪವಂತೆ. ನೋಡಿದ ಮೀನುಗಳ ಒಂದು ದಪ್ಪ ಪುಸ್ತಕವೇ ಇಟ್ಟಿದ್ದಾನೆ. ಮೊನ್ನೆ ಊಟದ ಕೋಣೆಯಲ್ಲಿ ನಿನ್ನ ಪಟದ ಮುಂದೆ ನಿಂತು ಮೂವತ್ತೊಂದನೇ ಮೀನಿನ ಮೇಲೆ ಬೆರಳಿಟ್ಟ. ಅದೇ, ಚಾಕುವಿನ ಅಲಗಿನ ಹಾಗೆ ತೆಳ್ಳಗೆ, ಉದ್ದ ಮೂತಿ, ಮೈಗೆ ಒಂದು ಕಪ್ಪು ಗೆರೆ. ಅಲಗುಮೀನು ಅಂತ ಕೆಳಗೆ ಬರೆದಿದ್ದೀಯಲ್ಲ, ಅದು.

"ಈ ಪಟ ಬರೆದೋರು ನೀರಿಗೇ ಇಳಿದಿಲ್ಲ," ಅಂದ, ಎಲ್ಲರಿಗೂ ಕೇಳುವ ಹಾಗೆ. "ಈ ಮೀನು ಹೀಗೆ ಅಡ್ಡಡ್ಡ ಈಜೋದೇ ಇಲ್ಲ. ತಲೆ ಕೆಳಗೆ, ಬಾಲ ಮೇಲೆ. ನಿಂತ್ಕೊಂಡೇ ಇರುತ್ತೆ."

"ಯಾವ ಮೀನು ಸ್ವಾಮೀ ತಲೆ ಮೇಲೆ ನಿಂತ್ಕೊಳ್ಳತ್ತೆ?" ಅಂದೆ ನಾನು. "ನೀವು ನೋಡುವಾಗ ನೀವೇ ತಲೆಕೆಳಗಾಗಿದ್ರೇನೋ."

"ನೀವೆಷ್ಟು ಸಲ ನೋಡಿದೀರಿ?"

"ನನ್ನ ಸೊಸೆ ಬರೆದಿದಾಳೆ. ಅಷ್ಟು ಸಾಕು. ಅದು ತಲೆ ಮೇಲೆ ನಿಂತಿದ್ದು ಕಂಡರೆ ಈ ಮೀಸೆ ಬೋಳಿಸ್ತೀನಿ."

ನನ್ನ ಮೀಸೆಯ ಬಗ್ಗೆ ನಿನಗೆ ಹೇಳಬೇಕಿಲ್ಲ. ನಿಮ್ಮ ಅತ್ತೆ ನನ್ನನ್ನು ಒಪ್ಪಿದ್ದೇ ಅದನ್ನು ನೋಡಿ.

ಮಾರನೇ ಬೆಳಿಗ್ಗೆ ಇಳಿದೆವು. ಬೆನ್ನಿಗೆ ಸಿಲಿಂಡರು, ಸೊಂಟಕ್ಕೆ ಸೀಸದ ಬಿಲ್ಲೆಗಳ ಪಟ್ಟಿ, ಬಾಯಲ್ಲಿ ರಬ್ಬರಿನ ಕೊಳವೆ. ಶಿಳ್ಳೆ ಮೇಡಂ ನನ್ನ ತೋಳು ಹಿಡಿದುಕೊಂಡೇ ಇದ್ದರು, ಸಂತೆಯಲ್ಲಿ ಹೋರಿ ಹಿಡಿದ ಹಾಗೆ. ಮೂರು ಆಳು ಕೆಳಗೆ ಹವಳದ ಗುಡ್ಡೆ, ಅದರ ಪಕ್ಕದಲ್ಲಿ ಅಲಗುಮೀನಿನ ಹಿಂಡು. ದೂರದಿಂದ ಸರಿಯಾಗಿ ಕಾಣಲಿಲ್ಲ. ಮೇಡಂ ಕೈ ಬಿಡಿಸಿಕೊಂಡು ನುಗ್ಗಿದೆ. ಹತ್ತಿರ ಹೋಗುತ್ತಲೇ ನೋಡುತ್ತೇನೆ: ಇಪ್ಪತ್ತು ಮೀನು, ಇಪ್ಪತ್ತೂ ಅಡ್ಡಡ್ಡ, ಬಿಟ್ಟ ಬಾಣದ ಹಾಗೆ. ನಿನ್ನ ಪಟದಲ್ಲಿ ಇರುವ ಹಾಗೇ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಮೇಲೆ ಬಂದು ಡಾಕ್ಟರಿಗೆ ಹೇಳಿದರೆ, "ನೀವು ಹೆದರಿಸಿದ್ರಿ, ಅದಕ್ಕೇ ಹಾಗೆ ಓಡಿದ್ವು," ಅಂತಾನೆ. ಸೋತವನ ಮಾತು. ಮೇಡಂ ಎರಡು ದಿನ ನೀರಿಗಿಳಿಯಬಾರದೆಂದು ಶಿಕ್ಷೆ ಹಾಕಿದರು, ಕೈ ಬಿಡಿಸಿಕೊಂಡದ್ದಕ್ಕೆ. ಇರಲಿ, ಗೆದ್ದವರಿಗೆ ಇಂಥದ್ದೆಲ್ಲ ಇದ್ದದ್ದೇ.

ಹಾಳೆ ಇದರ ಜೊತೆಗಿದೆ. ಇಪ್ಪತ್ತಾರು ಮೀನು ನೋಡಿದ್ದೇನೆ, ಇಪ್ಪತ್ತಾರಕ್ಕೂ ಸರಿ ಗುರುತು. ಮೂವತ್ತೊಂದಕ್ಕೆ ಎರಡು ಗುರುತು ಹಾಕಿದ್ದೇನೆ.

ಇನ್ನೊಂದು. ಫೆಬ್ರವರಿ ಹನ್ನೆರಡರ ತಂಡಕ್ಕೆ ನಿನ್ನ ಹೆಸರು ಕೊಟ್ಟಿದ್ದೇನೆ, ಅಲ್ಲಿಯ ತನಕ ನಾನೂ ಇಲ್ಲೇ ಉಳಿಯುತ್ತೇನೆ. ಬಾ. ಆ ಡಾಕ್ಟರೂ ಆಗ ಮತ್ತೆ ಬರುತ್ತಾನಂತೆ, ನೀರು ಯಾರು ಮುಟ್ಟಿಲ್ಲ ಎಂದು ಅವನಿಗೆ ತೋರಿಸೋಣ. ದೋಣಿ ಕಟ್ಟೆಯ ಕೊನೆಯಲ್ಲಿ ನಿನ್ನ ಹಿಂದೆ ನಾನೇ ನಿಂತಿರುತ್ತೇನೆ. ಒಂದು ಕೈ ಸಾಕು, ಹಳೆಯ ಕಾಲದ ಹಾಗೆ. ಇದನ್ನು ಹೇಳಿದಾಗ ಎಲ್ಲರೂ ಮತ್ತೆ ಆ ಕಥೆ ಕೇಳಿದರು. ಹೇಳದೆ ಇರಲಾಗಲಿಲ್ಲ.

ಪಾತಾಳ ಮಾವ


ಜನವರಿ 18

ಮಾವ,

ಡಾಕ್ಟರು ಹೇಳಿದ್ದು ನಿಜ. ನಾನು ನೀರು ಮುಟ್ಟಿಲ್ಲ. ಸಮುದ್ರವಿರಲಿ, ಕೆರೆಯಲ್ಲೂ ಮೊಣಕಾಲಿನ ಮೇಲೆ ಇಳಿದಿಲ್ಲ. ಸ್ನಾನ ಮಾಡುವಾಗ ತಲೆಯ ಮೇಲೆ ಒಮ್ಮೆಗೇ ನೀರು ಸುರಿದುಕೊಳ್ಳುವುದಿಲ್ಲ. ಇಪ್ಪತ್ತಾರು ವರ್ಷದಿಂದ ಸುರಿದುಕೊಂಡಿಲ್ಲ. ನನಗೆ ಬೆನ್ನುನೋವೂ ಇರಲಿಲ್ಲ, ಜ್ವರವೂ ಇರಲಿಲ್ಲ.

ಇಪ್ಪತ್ತಾರು ವರ್ಷದಿಂದ ನೀನು ಆ ಕಥೆ ಹೇಳುತ್ತಿದ್ದೀಯ. ಮದುವೆಮನೆಗಳಲ್ಲಿ ಹೇಳಿದ್ದೀಯ. ನನ್ನನ್ನು ನೋಡಲು ಬಂದವರ ಎದುರು ಹೇಳಿದ್ದೀಯ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಅವಳನ್ನು ನಗಿಸಲಿಕ್ಕೆಂದು ಹೇಳಿದ್ದೀಯ, ಅವಳು ನಕ್ಕಳು, ಹಾಗಾಗಿ ನಾನೂ ನಕ್ಕೆ. ಒಮ್ಮೆ ನನ್ನ ಕಡೆಯಿಂದಲೂ ಕೇಳು.

ನಾನು ಬಾವಿಯ ಕಟ್ಟೆಯ ಮೇಲೆ ಬಗ್ಗಿ ಒಂದು ಆಮೆಯನ್ನು ನೋಡುತ್ತಿದ್ದೆ. ಮೇಲಿನ ಮೆಟ್ಟಿಲಿನ ಹತ್ತಿರ ಇತ್ತು, ಕತ್ತು ಹೊರಗೆ ಚಾಚಿತ್ತು. ಬಿಸಿಲು ಅದರ ಚಿಪ್ಪಿನ ಮೇಲೆ ಬೀಳುವುದನ್ನೇ ಕಾಯುತ್ತಿದ್ದೆ. ಚಿಪ್ಪಿನಲ್ಲಿ ಎಷ್ಟು ಮನೆಗಳಿವೆ ಎಂದು ಎಣಿಸಿ ಸ್ಲೇಟಿನಲ್ಲಿ ಬರೆಯಬೇಕೆಂದಿದ್ದೆ. ಒಂಬತ್ತರ ತನಕ ಎಣಿಸಿದ್ದೆ. ಆಮೇಲೆ ನಿನ್ನ ಕೈ.

ನಾನು ಈಜಲಿಲ್ಲ ಮಾವ. ಕೈಕಾಲು ಬಡಿದೆ. ಮೂಗಿನೊಳಗೆಲ್ಲ ನೀರು. ಮೆಟ್ಟಿಲು ನನ್ನ ಕೈಗೆ ತಗುಲಿತು ಅಷ್ಟೆ, ನಾನು ಹುಡುಕಿ ಹಿಡಿದದ್ದಲ್ಲ. ಮೇಲೆ ನೀನು ಚಪ್ಪಾಳೆ ತಟ್ಟುವುದು ಕೇಳಿಸುತ್ತಿತ್ತು.

ಇಪ್ಪತ್ತು ಮೀನು ಅಡ್ಡಡ್ಡ ಓಡಿದವು ಎಂದು ಬರೆದು ಎರಡು ಗುರುತು ಹಾಕಿದ್ದೀಯ. ಡಾಕ್ಟರು ಯಾಕೆ ಓಡಿದವೆಂದು ಹೇಳಿದರೆ ಸೋತವನ ಮಾತು ಎನ್ನುತ್ತೀಯ. ನಿನಗೆ ಯಾವತ್ತೂ ಹೀಗೆಯೇ ಕಂಡಿದೆ.

ಆ ಇಪ್ಪತ್ತಾರು ಗುರುತುಗಳಲ್ಲಿ ಒಂದನ್ನೂ ನಾನು ನಂಬುವುದಿಲ್ಲ. ಹಾಳೆ ವಾಪಸು ಕಳಿಸುತ್ತಿದ್ದೇನೆ. ನನ್ನ ಹೆಸರನ್ನು ಹನ್ನೆರಡರ ತಂಡದಿಂದ ತೆಗೆಸು. ಪಟ ಬೇರೆಯವರಿಗೆ ಹೋದರೆ ಹೋಗಲಿ.

ಇದಕ್ಕೆ ಉತ್ತರ ಬರೆಯಬೇಡ.

ಕಡ್ಡಿ


ದ್ವೀಪ
ಜನವರಿ 31

ಕಡ್ಡಿಗೆ,

ಉತ್ತರ ಬರೆಯಬೇಡ ಎಂದಿದ್ದೆ. ಬರೆಯುತ್ತಿದ್ದೇನೆ. ಹೇಳಿದ ಮಾತು ಕೇಳುವ ಅಭ್ಯಾಸ ನನಗೆ ಇದ್ದಿದ್ದರೆ ನಾಲ್ಕನೇ ಕ್ಲಾಸು ಒಂದೇ ಸಲಕ್ಕೆ ಮುಗಿಯುತ್ತಿತ್ತು.

ನಮ್ಮ ತಂಡ ಹದಿನಾಲ್ಕಕ್ಕೇ ವಾಪಸಾಯಿತು. ನಾನು ಹೋಗಲಿಲ್ಲ. ಮೂವತ್ತೊಂದನೆಯದನ್ನು ನಾನು ಸರಿಯಾಗಿ ನೋಡಿಲ್ಲ ಎಂದು ಡಾಕ್ಟರು ದೋಣಿ ಹತ್ತುವಾಗಲೂ ಹೇಳಿಕೊಂಡೇ ಹೋದ, ಅದು ಚುಚ್ಚುತ್ತಿತ್ತು. ಶಿಳ್ಳೆ ಮೇಡಮ್ಮಿಗೆ ಹೇಳಿದೆ, "ಸಿಲಿಂಡರು ತುಂಬ್ತೀನಿ, ರಬ್ಬರ್ ಅಂಗಿ ತೊಳೀತೀನಿ, ಹಳೇ ಪಂಪು ರಿಪೇರಿ ಮಾಡ್ತೀನಿ, ಮುಂದಿನ ತಂಡದ ಜೊತೆ ನನಗೊಂದು ಜಾಗ ಕೊಡಿ." ಒಪ್ಪಿದರು. ಈಗ ದೋಣಿ ಕಟ್ಟೆಯ ಪಕ್ಕದ ಶೆಡ್ಡಿನಲ್ಲಿ ಮಲಗುತ್ತೇನೆ. ಮೇಲೆ ಮೂವತ್ತು ರಬ್ಬರ್ ಅಂಗಿಗಳು ನೇತಾಡುತ್ತವೆ, ತಲೆಯಿಲ್ಲದ ಜನರ ಹಾಗೆ.

ನಿನ್ನ ಕಾಗದ ಇಪ್ಪತ್ತೆರಡಕ್ಕೆ ಬಂತು. ಓದಿದಾಗ ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ. ಈಜು ಕಲಿಸಿದ ಮಾವನಿಗೆ ಈ ಮಾತೇ ಎಂದು ನಾಲ್ಕು ಪುಟ ಬರೆದೆ. ಸಾಮಾನಿನ ದೋಣಿ ಹೊರಡಲು ಎರಡು ದಿನವಿತ್ತು, ಅಷ್ಟರಲ್ಲಿ ಮೇಡಂ ಪಾಠಕ್ಕೆ ಕರೆದರು. ಆ ನಾಲ್ಕು ಪುಟ ಇಲ್ಲೇ ಇದೆ, ನಿನಗೆ ಬರುವುದಿಲ್ಲ.

ಪಾಠ ಏನೆಂದರೆ, ಎದೆಯಷ್ಟು ನೀರಿನಲ್ಲಿ ಮಂಡಿಯೂರಿ ಕೂತು ಮುಖಕ್ಕೆ ಹಾಕಿದ ಮಾಸ್ಕಿನೊಳಗೆ ನೀರು ಬಿಟ್ಟುಕೊಳ್ಳಬೇಕು, ಆಮೇಲೆ ಮೂಗಿನಿಂದ ಊದಿ ಹೊರಗೆ ಹಾಕಬೇಕು. ಮಕ್ಕಳೂ ಮಾಡುತ್ತಾರೆ. ಮೊದಲ ತಂಡದಲ್ಲಿದ್ದಾಗ ನಾನು ಇದನ್ನು ಮಾಡಿದೆನೆಂದು ಸುಳ್ಳು ಹೇಳಿ ತಪ್ಪಿಸಿಕೊಂಡಿದ್ದೆ. ಈ ಸಲ ಮೇಡಂ ಎದುರಿಗೇ ಕೂತರು. ಮಾಸ್ಕಿನೊಳಗೆ ನೀರು ಬಂತು. ಕಣ್ಣು ಮುಚ್ಚಿತು. ಬಾವಿಯಲ್ಲಿ ನನಗೆ ಹೀಗೆ ಎಂದೂ ಆಗಿಲ್ಲ ಕಡ್ಡಿ, ಯಾಕೆಂದರೆ ಬಾವಿಗೆ ನಾನೇ ಬೇಕೆಂದು ಇಳಿಯುತ್ತಿದ್ದೆ, ಉಸಿರು ಎಷ್ಟು ಎಂದು ಅಳೆದುಕೊಂಡು. ಇಲ್ಲಿ ಮೂಗಿಗೆ ನೀರು ಹೋಯಿತು, ಉಸಿರು ಹಿಡಿಯಬಾರದು, ಬಿಡಲು ತಿಳಿಯದು. ಎದ್ದು ಓಡಿದೆ. ಎದೆಯಷ್ಟು ನೀರಿನಲ್ಲಿ, ಕೈಕಾಲು ಬಡಿದುಕೊಂಡು, ಎದುರಿಗಿದ್ದ ಮೇಡಮ್ಮಿನ ಮುಖಕ್ಕೆ ಒದ್ದು. ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು.

ತಮಾಷೆಗೇ ತಟ್ಟಿದರು. ಕೆಟ್ಟವರಲ್ಲ.

ನಾಲ್ಕು ದಿನ ಮಾಡಿದೆ ಅದೊಂದನ್ನೇ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಮೇಡಂ ಒಮ್ಮೆಯೂ ನನ್ನನ್ನು ಕೆಳಗೆ ಒತ್ತಲಿಲ್ಲ, ಎಳೆಯಲಿಲ್ಲ. ಎದುರಿಗೆ ಕೂತು ಎರಡು ಬೆರಳು ತೋರಿಸುತ್ತಿದ್ದರು: ನನ್ನ ಕಣ್ಣು ನೋಡಿ ಎಂದು. ಐದನೇ ದಿನ ನೀರು ಊದಿ ಹಾಕಲು ಬಂತು.

ಮೊನ್ನೆ ಮತ್ತೆ ಹವಳದ ಗುಡ್ಡೆಗೆ ಹೋದೆವು. ಈ ಸಲ ನುಗ್ಗಲಿಲ್ಲ. ಒಂದು ಕಲ್ಲಿನ ಹಿಂದೆ ಮರಳಿನ ಮೇಲೆ ಮಂಡಿಯೂರಿ ಉಸಿರಾಡುತ್ತ ಕೂತೆ. ಒಳಗೆ, ಹೊರಗೆ. ಹೊಲಿಗೆ ಮಿಷನ್ನಿನ ಹಾಗೆ ಒಂದೇ ಸಮ. ಎಷ್ಟು ಹೊತ್ತೋ ತಿಳಿಯದು. ಮೊದಲು ಒಂದು ಅಲಗುಮೀನು ಬಂತು, ಆಮೇಲೆ ನಾಲ್ಕು, ಆಮೇಲೆ ಹಿಂಡೇ ಬಂತು. ಕಪ್ಪು ಮುಳ್ಳುಚೆಂಡಿನಂಥ ಒಂದು ಪ್ರಾಣಿ ಇದೆಯಲ್ಲ, ನಿನ್ನ ಪಟದ ಮೂಲೆಯಲ್ಲಿ ಬರೆದಿದ್ದೀಯ, ಅದರ ಮುಳ್ಳುಗಳ ನಡುವೆ ನಿಂತವು.

ತಲೆ ಕೆಳಗೆ. ಬಾಲ ಮೇಲೆ. ಎಲ್ಲವೂ. ನೀರು ಅಲುಗಿದರೆ ಎಲ್ಲವೂ ಒಟ್ಟಿಗೆ ಅಲುಗುತ್ತವೆ, ಬಾಗಿಲಿಗೆ ಕಟ್ಟಿದ ಮಣಿಸರದ ಪರದೆಯ ಹಾಗೆ. ಮೈಯ ಕಪ್ಪು ಗೆರೆ ಮುಳ್ಳಿನ ಗೆರೆಯೊಳಗೆ ಸೇರಿಹೋಗಿ, ಯಾವುದು ಮುಳ್ಳು ಯಾವುದು ಮೀನು ತಿಳಿಯುವುದಿಲ್ಲ. ಅವು ನನ್ನನ್ನು ನೋಡಿದವು, ಓಡಲಿಲ್ಲ.

ಆಮೇಲೆ ಒಂದು ಕೆಲಸ ಮಾಡಿದೆ. ಮರಳಿನ ಮೇಲೆ ಹಾಗೇ ಒಂದು ಮಗ್ಗುಲಿಗೆ ಒರಗಿದೆ, ಮನೆಯಲ್ಲಿ ಚಾಪೆಯ ಮೇಲೆ ಒರಗುವ ಹಾಗೆ. ಅಲ್ಲಿಂದ ನೋಡಿದರೆ ಅಲಗುಮೀನು ಅಡ್ಡಡ್ಡವೇ. ನೀನು ಬರೆದ ಹಾಗೇ. ಆದ್ದರಿಂದ ನಿನ್ನ ಪಟ ತಪ್ಪೆಂದು ನಾನು ಈಗಲೂ ಒಪ್ಪುವುದಿಲ್ಲ, ಕಂಪನಿಯ ಮುಂದೆಯೂ ಒಪ್ಪುವುದಿಲ್ಲ, ಆ ಡಾಕ್ಟರ ಮುಂದಂತೂ ಸುತರಾಂ ಇಲ್ಲ. ಓಡುವಾಗ ಹೇಗಿರುತ್ತದೆಂದು ನೀನು ಬರೆದಿದ್ದೀಯ. ನಿಂತಾಗ ಹೇಗಿರುತ್ತದೆಂದು ಇನ್ನೂ ಬರೆದಿಲ್ಲ, ಅಷ್ಟೆ.

ನೀನು ವಾಪಸು ಕಳಿಸಿದ ಹಾಳೆಯಲ್ಲಿ ಹಳೆಯ ಗುರುತುಗಳನ್ನೆಲ್ಲ ಹೊಡೆದುಹಾಕಿ ಮತ್ತೆ ಮೊದಲಿಂದ ನೋಡುತ್ತಿದ್ದೇನೆ. ಇಲ್ಲಿಯವರೆಗೆ ಹದಿಮೂರು. ಅದರಲ್ಲಿ ಐದರ ಬಣ್ಣ ಬೇರೆ. ಏನು ಬೇರೆ ಎಂದು ಹಿಂದುಗಡೆ ಬರೆದಿದ್ದೇನೆ. ಏಳನೆಯದು ಸಣ್ಣದಿದ್ದಾಗ ಹಳದಿ, ದೊಡ್ಡದಾದ ಮೇಲೆ ಕಂದು. ಅದನ್ನು ನೋಡಲು ಮೂರು ಸಲ ಇಳಿದೆ.

ನಿನ್ನೆ ಊಟದ ಮೇಜಿನಲ್ಲಿ ಬಾವಿಯ ಕಥೆ ಹೇಳೆಂದು ಹೊಸ ತಂಡದವರು ಗಂಟುಬಿದ್ದರು, ಮೊದಲಿನವರು ಯಾರೋ ಹೇಳಿಹೋಗಿದ್ದರಂತೆ. ಹೇಳಿದೆ. ಆಮೆಯಿಂದ ಶುರುಮಾಡಿ, ಒಂಬತ್ತು ಎಣಿಸುವ ತನಕ ಹೇಳಿ, ನಿನ್ನ ಕಾಗದದಲ್ಲಿ ಇದ್ದ ಹಾಗೇ. ಯಾರೂ ನಗಲಿಲ್ಲ. ಒಬ್ಬರು ಎದ್ದು ನೀರು ಕುಡಿಯಲು ಹೋದರು. ಶಿಳ್ಳೆ ಮೇಡಂ ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು.

ಆ ಆಮೆಯ ಚಿಪ್ಪಿನಲ್ಲಿ ಹದಿಮೂರು ಮನೆಗಳಿದ್ದವು. ಅಂಚಿನ ಸಣ್ಣವನ್ನು ಬಿಟ್ಟು. ಅದೇ ಬಾವಿಗೆ ನಾನು ಆಮೇಲೆ ಎಷ್ಟೋ ಸಲ ಇಳಿದಿದ್ದೇನೆ, ಅದನ್ನು ಕೈಯಲ್ಲಿ ಎತ್ತಿಕೊಂಡಿದ್ದೇನೆ. ನಿನಗೆ ಬೇಕಿತ್ತು ಎಂದು ಗೊತ್ತಿರಲಿಲ್ಲ. ನನಗೆ ಯಾರೂ ಹೇಳಲಿಲ್ಲ ಎಂದರೆ ಸುಳ್ಳು, ನಾನೇ ನಿನ್ನನ್ನು ಕೇಳಲಿಲ್ಲ.

ನಿನ್ನ ಹೆಸರನ್ನು ಪಟ್ಟಿಯಿಂದ ತೆಗೆಸಿಲ್ಲ. ಬೈದುಕೋ. ಬರದಿದ್ದರೆ ಆ ಜಾಗ ಖಾಲಿಯೇ ಹೋಗಲಿ.

ಇಲ್ಲಿ ಸೆಕೆ ಬಹಳ. ಮೀಸೆ ತೆಗೆಸಿಬಿಟ್ಟೆ.

ಮಾವ


ಫೆಬ್ರವರಿ 4

ಮಾವನಿಗೆ,

ಮೀಸೆ ತೆಗೆಸಿದ್ದು ಸೆಕೆಗೆ ಎಂದು ಅತ್ತೆಗೆ ಹೇಳು, ನನಗೆ ಬೇಡ. ಡಾಕ್ಟರು ಎದುರಿಗೆ ಇಲ್ಲದಿರುವಾಗಲೂ ಬೋಳಿಸಿಕೊಂಡೆಯಲ್ಲ, ಅದನ್ನು ಓದಿ ಕೆಳಗಿನ ಅಂಗಡಿಯವರು ಮಿಷನ್ನು ನಿಲ್ಲಿಸಿ ಮೇಲೆ ನೋಡುವಷ್ಟು ನಕ್ಕೆ. ಆಮೇಲೆ ನಗು ನಿಲ್ಲಲೇ ಇಲ್ಲ, ಅದು ಬೇರೆ ಏನೋ ಆಯಿತು. ಅದನ್ನು ನಿನಗೆ ಬರೆಯುವುದಿಲ್ಲ.

ನೀನು ಹಿಂದುಗಡೆ ಬರೆದ ಐದೂ ಸರಿ. ಏಳನೆಯದನ್ನು ಪುಸ್ತಕದಲ್ಲಿ ಹುಡುಕಿದೆ. ನಾನು ಮರಿಗೆ ದೊಡ್ಡದರ ಬಣ್ಣ ಹಚ್ಚಿದ್ದೆ. ಇನ್ನು ನಿನ್ನ ಗುರುತುಗಳನ್ನು ನಂಬುತ್ತೇನೆ.

ಕಂಪನಿಗೆ ನಿನ್ನೆ ಬರೆದು ಹಾಕಿದೆ. ಪಟವನ್ನು ಸೀಸೆಯಲ್ಲಿದ್ದ ಮೀನು ನೋಡಿ ಬರೆದದ್ದು ಎಂದು ಮೊದಲ ಸಾಲಿನಲ್ಲೇ ಹೇಳಿದೆ. ಹದಿನೈದಕ್ಕೆ ತಿದ್ದುಪಡಿ ಬರುವುದಿಲ್ಲ, ಅವುಗಳನ್ನು ಜೀವಂತ ನೋಡಿದ ಮೇಲೆ ಬರುತ್ತದೆ, ನೋಡುವವಳು ನಾನೇ, ಅಷ್ಟರೊಳಗೆ ಬೇರೆಯವರ ಕೈಗೆ ಕೊಡುವುದಾದರೆ ಕೊಡಿ, ಆದರೆ ನಾನು ಬರೆದ ಒಂದು ಗೆರೆಯನ್ನೂ ಅವರು ಮುಟ್ಟುವಂತಿಲ್ಲ ಎಂದೂ ಬರೆದೆ. ಕೊನೆಗೆ ತಮ್ಮ ವಿಶ್ವಾಸಿ ಎಂದು ಹಾಕಲಿಲ್ಲ. ಉತ್ತರ ಏನೇ ಬರಲಿ, ನಾನು ಹೊರಟಾಗಿದೆ.

ಎರಡು ದಿನದಿಂದ ಬಕೆಟ್ಟಿನಲ್ಲಿ ಮುಖ ಮುಳುಗಿಸುತ್ತಿದ್ದೇನೆ. ಮೊದಲ ದಿನ ಮೂರು ಎಣಿಸುವ ತನಕ ಆಯಿತು. ಇವತ್ತು ಒಂಬತ್ತು.

ಹನ್ನೆರಡರಂದು ಬರುತ್ತೇನೆ. ನನ್ನನ್ನು ನೀರಿಗಿಳಿಸುವುದು ನಿನ್ನ ಕೆಲಸವಲ್ಲ, ಶಿಳ್ಳೆ ಮೇಡಮ್ಮಿನದು. ಎದೆಯಷ್ಟು ನೀರಿನಲ್ಲೇ ಹತ್ತು ದಿನವೂ ಕಳೆದರೂ ಯಾರೂ ಅವಸರ ಮಾಡುವಂತಿಲ್ಲ. ಚಪ್ಪಾಳೆ ತಟ್ಟುವಂತಿಲ್ಲ. ಡಾಕ್ಟರು ಏನಾದರೂ ಅಂದರೆ ನಾನೇ ಉತ್ತರ ಕೊಡುತ್ತೇನೆ, ನಿನ್ನ ಹತ್ತಿರ ಪಣಕ್ಕಿಡಲು ಇನ್ನು ಏನೂ ಉಳಿದಿಲ್ಲ. ಮೂವತ್ತೊಂದನೆಯದು ಇರುವ ಕಲ್ಲು ಯಾವುದೆಂದು ಮಾತ್ರ ಗುರುತಿಟ್ಟುಕೊಂಡಿರು.

ಇನ್ನೊಂದು ಮಾತು. ದೋಣಿ ಕಟ್ಟೆಯ ಮೇಲೆ ನೀನು ನನ್ನ ಹಿಂದೆ ನಿಲ್ಲಕೂಡದು. ತುದಿಗೆ ನೀನು ಹೋಗು, ಸಮುದ್ರದ ಕಡೆ ಮುಖ ಮಾಡಿ ನಿಂತುಕೋ, ತಿರುಗಿ ನೋಡಬೇಡ.

ಹಿಂದೆ ನಾನಿರುತ್ತೇನೆ.

ಕಡ್ಡಿ